ಕೆರೆಯ ತಳದ ದೋಣಿ ಹುಡುಕಲು ಗುಂಡೋ, ಕ್ಯಾಮೆರಾನೋ, ಸೈಡ್ ಸ್ಕ್ಯಾನೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಸೈಡ್ ಸ್ಕ್ಯಾನ್ ಸೋನಾರ್‌ಗೆ. ಸೋನಾರ್ ಅಂದರೆ ನೀರಿನೊಳಗೆ ಸದ್ದು ಕಳಿಸಿ, ಮರಳಿ ಬರುವ ಮಾರ್ದನಿಯಿಂದ ತಳ ತೋರಿಸುವ ಯಂತ್ರ. ಆದರೆ ಅದಕ್ಕೆ ಬರುವ ಮೊದಲು ಎರಡು ತಪ್ಪು ಖರೀದಿ ಮಾಡಿ 23,000 ರೂಪಾಯಿ ಕೆರೆಗೆ ಹಾಕಿದ್ದೇನೆ.

ಈ ಹುಚ್ಚು ಹತ್ತಿದ್ದು ಅಮೆರಿಕದ ಲೇಕ್ ಜಾರ್ಜ್ ಕಥೆ ಓದಿ. ಬ್ರಿಟಿಷ್ ಸೈನಿಕರು 1758ರಲ್ಲಿ ಬೇಕಂತಲೇ ಮುಳುಗಿಸಿಟ್ಟ 'ಲ್ಯಾಂಡ್ ಟಾರ್ಟಾಯ್ಸ್' ಎಂಬ ಫಿರಂಗಿ ದೋಣಿ 1990ರಲ್ಲಿ ಸಿಕ್ಕಿತು. ಆಳ ಸುಮಾರು 107 ಅಡಿ. ಹುಡುಕಿದವರು ಹವ್ಯಾಸಿಗಳು, ಹುಡುಕಿದ್ದು ಸೈಡ್ ಸ್ಕ್ಯಾನ್‌ನಿಂದ. ಕಲಘಟಗಿ ಕಡೆ ನಮ್ಮಜ್ಜಿಯ ಊರಿನ ಕೆರೆಯಲ್ಲೂ ಹಳೇ ಮರದ ದೋಣಿಯೊಂದು ಮುಳುಗಿದೆ ಅಂತ ಚಿಕ್ಕಂದಿನಿಂದ ಕೇಳಿದ್ದೆ. "ಬ್ಯಾಸಿಗಿ ತನಕ ತಡಿಯಪಾ, ನೀರು ತಾನ ಇಳೀತೈತಿ" ಅಂದರು ಕಾಕಾ. ಖರ್ಚಿಲ್ಲದ ಉಪಾಯವೇ. ಆದರೆ ನಡುವಿನ ಮಡು ಬತ್ತುವುದಿಲ್ಲ. ದೋಣಿ ಇರೋದೂ ಅಲ್ಲೇ ಅಂತೆ!

ಕ್ಯಾಮೆರಾದ್ದು ಒಂದೇ ಮಾತಿನಲ್ಲಿ ಮುಗಿಸುತ್ತೇನೆ. ವೈರಿಗೆ ಕಟ್ಟಿ ಇಳಿಬಿಡುವಂಥದ್ದು, 9,000 ರೂಪಾಯಿ. ಎರೆ ಮಣ್ಣು ತೊಳೆದುಕೊಂಡು ಬಂದ ನೀರಿನಲ್ಲಿ ಅದಕ್ಕೆ ಒಂದು ಗೇಣು ದೂರದ್ದೂ ಕಾಣಲಿಲ್ಲ. ಮೀನು ಗುತ್ತಿಗೆಯವರ ಹುಡುಗ ಸ್ಕ್ರೀನ್ ನೋಡಿ, "ಏನ್ರೀ ಸರ, ಬರೇ ಚಾ ಕಾಣಾಕತ್ತೈತಲ್ಲ" ಅಂದ.

ಎರಡನೆಯದು ಎಸೆಯುವ ಸೋನಾರ್, 14,000 ರೂಪಾಯಿ. ಮೋಸಂಬಿಯಷ್ಟು ದಪ್ಪದ ಗುಂಡು. ಗಾಳದ ದಾರಕ್ಕೆ ಕಟ್ಟಿ ಎಸೆದು ಎಳೆದುಕೊಂಡರೆ ಮೊಬೈಲಿನಲ್ಲಿ ತಳ ಮೂಡುತ್ತದೆ. ಆಳ ಅಳೆಯಲು ಪಕ್ಕಾ. ಆದರೆ ಅದರ ಸದ್ದು ಕೆಳಮುಖವಾಗಿ, 15 ಡಿಗ್ರಿಯ ಶಂಕುವಿನಂತೆ ಇಳಿಯುತ್ತದೆ. 12 ಅಡಿ ಆಳದಲ್ಲಿ ಅದಕ್ಕೆ ಸಿಗೋದು ಸುಮಾರು 3 ಅಡಿ ಅಗಲದ ಪಟ್ಟಿ. 100 ಅಡಿ ದೂರ ಎಸೆದರೂ ಒಂದು ಎಕರೆಗೆ ಸುಮಾರು 145 ಸಲ ಎಸೆಯಬೇಕು. ನಾನು 60ಕ್ಕೇ ಕೈ ಚೆಲ್ಲಿದೆ. ಸಿಕ್ಕ ಉಬ್ಬು ದೋಣಿಯೋ ಬಂಡೆಯೋ ಅನ್ನೋದೂ ಗೊತ್ತಾಗಲಿಲ್ಲ.

ಸೈಡ್ ಸ್ಕ್ಯಾನ್ ಎಡಕ್ಕೂ ಬಲಕ್ಕೂ ಸದ್ದು ಹಾಯಿಸುತ್ತದೆ. ನೀರು ಎಷ್ಟೇ ರಾಡಿಯಾಗಿರಲಿ, ಸದ್ದಿಗೆ ಅದರ ಹಂಗಿಲ್ಲ. ನಾವು ಪ್ರತಿ ಕಡೆ 60 ಅಡಿ ಇಟ್ಟುಕೊಂಡೆವು. ಆಗ 363 ಅಡಿ ನೇರವಾಗಿ ಹೋದರೆ ಒಂದು ಎಕರೆ ಮುಗೀತು. ಅದಕ್ಕಿಂತ ದೊಡ್ಡ ಲಾಭ ನೆರಳಿನದು. ತಳದಿಂದ ಎದ್ದು ನಿಂತ ವಸ್ತುವಿನ ಹಿಂದೆ ಸದ್ದು ಮುಟ್ಟದ ಜಾಗ ಕಪ್ಪಗೆ ಬೀಳುತ್ತದೆ. ವಸ್ತುವಿನ ಆಕಾರ ಎಷ್ಟೋ ಸಲ ಆ ಕಪ್ಪಿನಲ್ಲೇ ಚೆನ್ನಾಗಿ ತಿಳಿಯುತ್ತದೆ. ಕೆಸರಿನೊಳಗೆ ಪೂರ್ತಿ ಹೂತದ್ದು ಮಾತ್ರ ಇದಕ್ಕೂ ಕಾಣುವುದಿಲ್ಲ.

ಇನ್ನು ನನ್ನ ತಲೆ ತಿಂದ ವಿಷಯ: ಯಂತ್ರ ಇಟ್ಟುಕೊಂಡು ಹೋದ ಹರಿಗೋಲು. ಈ ಯಂತ್ರಕ್ಕೆ ಬೇಕಾದದ್ದು ಒಂದೇ, ನೇರ ನಡಿಗೆ. ಹರಿಗೋಲಿಗೆ ಬಾರದ್ದೂ ಅದೊಂದೇ. ಹುಟ್ಟು ಹಾಕಿದ ಕಡೆಗೆಲ್ಲ ಗಿರಕಿ ಹೊಡೆಯುತ್ತದೆ. ತಿರುಗಿದಾಗ ಒಳಮಗ್ಗುಲಿನಲ್ಲಿ ಒಂದೇ ಜಾಗ ಮತ್ತೆ ಮತ್ತೆ ಮೂಡುತ್ತದೆ, ಹೊರಮಗ್ಗುಲಿನಲ್ಲಿ ಜಾಗವೇ ಬಿಟ್ಟುಹೋಗುತ್ತದೆ. ಮೊದಲ ದಿನ ಕೆರೆಯ ತಳವೆಲ್ಲ ಜಿಲೇಬಿಯಾಗಿತ್ತು.

ಎರಡನೇ ಭಾನುವಾರ ಬಿದಿರಿನ ಚೌಕಟ್ಟಿಗೆ ಎರಡು ಲಾರಿ ಟ್ಯೂಬ್ ಕಟ್ಟಿದೆವು. ಆದರೆ ಗಾಳಿ ತಳ್ಳಿತು. ಮೂರನೇ ಸಲ ಏರಿಯಿಂದ ಆಚೆ ದಡಕ್ಕೆ ಹಗ್ಗ ಬಿಗಿದು, ಟ್ಯೂಬನ್ನು ಅದಕ್ಕೆ ಸಿಕ್ಕಿಸಿ, ದಡದಿಂದ ಎಳೆಸಿದೆವು. ಅದರಲ್ಲೂ ಒಂದು ಕಿರಿಕಿರಿ. ನಮ್ಮ ಯಂತ್ರದ ಚಿತ್ರ ಒಂದೇ ವೇಗದಲ್ಲಿ ಓಡುತ್ತದೆ. ಎಳೆಯುವವರು ಬೀಡಿ ಹಚ್ಚಲು ನಿಂತರೆ ಕೆಳಗಿನ ಕಲ್ಲು ರಬ್ಬರಿನಂತೆ ಉದ್ದವಾಗುತ್ತದೆ. ಒಮ್ಮೆ ಹೀಗೇ 40 ಅಡಿಯ 'ಹಡಗು' ಕಂಡು ಎಲ್ಲರೂ ಕೂಗಿಕೊಂಡೆವು. ಇನ್ನೊಮ್ಮೆ ಎಳೆಸಿದಾಗ ಅದು ಬಟ್ಟೆ ಒಗೆಯೋ ಬಂಡೆಯಷ್ಟಾಯಿತು.

ಐದನೇ ಎಳೆತಕ್ಕೆ ಎರಡು ದುಂಡನೆಯ ನೆರಳು, ನಡುವೆ ಒಂದು ಗೆರೆ. ಚಕ್ಕಡಿಯ ಗಾಲಿಗಳು, ಅಚ್ಚಿನ ಸಮೇತ. ದೋಣಿ ಅಲ್ಲ. ಬಾವಿಗೆ ಬಿದ್ದ ಕೊಡ ತೆಗೆಯುವ ಪಾತಾಳಗರಡಿ ಹಾಕೋಣ ಅಂದರು ಯಾರೋ. ನಾನು ಒಪ್ಪಲಿಲ್ಲ. ಹಳೇ ಮರ ಕೊಕ್ಕೆಗೆ ಪುಡಿಯಾಗುತ್ತದೆ. ಮೇಲಾಗಿ ನಿಧಿ ಕಾಯ್ದೆ ಪ್ರಕಾರ, ನೆಲದಲ್ಲಿ ಅಡಗಿದ್ದ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ಸುಮ್ನೆ ಯಾಕೆ ಉಸಾಬರಿ? ಜಾಗ ಗುರುತು ಹಾಕಿಕೊಂಡು ಬಂದೆವು.

ನಮ್ಮ ಸೈಡ್ ಸ್ಕ್ಯಾನ್ ಸೆಕೆಂಡ್ ಹ್ಯಾಂಡ್, 54,000 ರೂಪಾಯಿ, ಮೂವರ ಪಾಲು. ಒಬ್ಬನೇ ಆಗಿದ್ದರೆ ಕೊಳ್ಳುತ್ತಿರಲಿಲ್ಲ. ಭಾನುವಾರವಿಡೀ ಬಿಸಿಲಲ್ಲಿ ಹಗ್ಗ ಎಳೆಯುವ ಗೆಳೆಯರಿಲ್ಲದಿದ್ದರೆ ನೀವೂ ಕೊಳ್ಳಬೇಡಿ. ಪಂಚಾಯ್ತಿಗೂ ಗುತ್ತಿಗೆಯವರಿಗೂ ಮೊದಲೇ ಹೇಳಿ, ಲೈಫ್ ಜಾಕೆಟ್ ಹಾಕಿಕೊಳ್ಳಿ. ಮಡುವಿನ ಆಚೆ ಬದಿ ಇನ್ನೂ ನಾಲ್ಕು ಎಳೆತ ಬಾಕಿ ಇದೆ.

ಆ ಗುಂಡು ಈಗ ಅಕ್ಕನ ಮಗನ ಹತ್ತಿರ ಇದೆ. ಅವನಿಗೆ ಮೀನು ಸಿಗ್ತಿವೆ.