ಮಂಡ್ಯ–ಮೈಸೂರು ಓಡಾಟಕ್ಕೆ ಎಕ್ಸ್‌ಪ್ರಾ: ನೆಟ್ ಹೋದರೂ ಕೆಲಸ ಹೋಗಲ್ಲ

ಸರ್ವರ್ ಮೈಸೂರಿನ ಆಫೀಸಿನಲ್ಲಿ, ಮನೆ ಮಂಡ್ಯದಲ್ಲಿ. ಸರ್ವರಿನಲ್ಲಿರುವ ಲಿಬ್ರೆಆಫೀಸನ್ನೋ ನಕ್ಷೆ ಕೆಲಸದ ಕ್ಯುಜಿಐಎಸ್ಸನ್ನೋ ಲ್ಯಾಪ್‌ಟಾಪಿನಲ್ಲಿ ತೆರೆಯಬೇಕು ಅಂದರೆ ಎಲ್ಲರೂ ಮೊದಲು ಮಾಡುವುದು ದೂರದ ಕಂಪ್ಯೂಟರಿಗೆ ಸುರಕ್ಷಿತವಾಗಿ ಕನೆಕ್ಟ್ ಮಾಡುವ ಎಸ್‌ಎಸ್‌ಎಚ್ ಆಜ್ಞೆಗೆ ಮೈನಸ್ ಎಕ್ಸ್ ಹಾಕುವುದು. ಆಫೀಸಿನ ಲ್ಯಾನಿನೊಳಗೆ ಅದು ಚೆನ್ನಾಗೇ ನಡೆಯುತ್ತದೆ. ಹೊರಗಿನಿಂದ ಮಾತ್ರ ಪ್ರಾಣ ಹಿಂಡುತ್ತದೆ. ಇಲ್ಲಿ ವಿಂಡೋ ತೋರಿಸುವ ಎಕ್ಸ್11 ಪ್ರೋಟೋಕಾಲ್ 1987ರದ್ದು. ಒಂದು ಮೆನು ಬಿಚ್ಚಲೂ ಪ್ರೋಗ್ರಾಮ್ ಡಿಸ್‌ಪ್ಲೇಯನ್ನು ಹತ್ತಾರು ಸಲ ಕೇಳಿ, ಉತ್ತರಕ್ಕೆ ಕಾಯುತ್ತದೆ. ಹೋಗಿಬರಲು 50 ಮಿಲಿಸೆಕೆಂಡ್ ಹಿಡಿದರೆ 40 ಸಲಕ್ಕೆ 2 ಸೆಕೆಂಡ್ ಆಯಿತು. ನೆಟ್ ಪ್ಲಾನ್ ದೊಡ್ಡದು ಮಾಡಿಸಿದರೂ ಈ ಕಾಯುವಿಕೆ ತಪ್ಪದು. ಅದಕ್ಕಿಂತ ಕೆಟ್ಟದ್ದೆಂದರೆ, ಕನೆಕ್ಷನ್ ಕಡಿದ ಕೂಡಲೇ ಪ್ರೋಗ್ರಾಮೂ ಸಾಯುತ್ತದೆ. ರೈಲಿನಲ್ಲಿ ಪಾಂಡವಪುರ ದಾಟುವಾಗ ಹಾಟ್‌ಸ್ಪಾಟ್ ಒಮ್ಮೆ ತಪ್ಪಿದರೆ ಸಾಕು, ಸೇವ್ ಮಾಡದ್ದೆಲ್ಲ ಹೋಯಿತು.

ಇದಕ್ಕೆ ಪರಿಹಾರ ಎಕ್ಸ್‌ಪ್ರಾ ಎಂಬ ಸಾಫ್ಟ್‌ವೇರ್. ಅದು ಸರ್ವರಿನಲ್ಲೇ ಒಂದು ಕಾಣದ ಡಿಸ್‌ಪ್ಲೇ ಎಬ್ಬಿಸಿ, ಪ್ರೋಗ್ರಾಮನ್ನು ಅದರ ಮೇಲೆ ಓಡಿಸಿ, ವಿಂಡೋದ ಚಿತ್ರವನ್ನಷ್ಟೇ ನಮಗೆ ಕಳಿಸುತ್ತದೆ. ಕೇಳಿ ಕಾಯುವುದೆಲ್ಲ ಸರ್ವರಿನೊಳಗೇ ಮುಗಿಯುತ್ತದೆ. ನೆಟ್ ಹೋದರೆ ಚಿತ್ರ ಬರುವುದು ನಿಲ್ಲುತ್ತದೆ ಅಷ್ಟೇ, ಪ್ರೋಗ್ರಾಮ್ ಅಲ್ಲೇ ಓಡುತ್ತಿರುತ್ತದೆ.

ಎರಡೂ ಕಡೆ ಹಾಕಬೇಕು, ಎರಡೂ ಕಡೆ ಹತ್ತಿರದ ಆವೃತ್ತಿಯೇ ಇರಬೇಕು. ಲಿನಕ್ಸ್ ಡಿಸ್ಟ್ರೋ ಜೊತೆ ಬರುವುದು ಎಷ್ಟೋ ಸಲ ಹಳೆಯದಾಗಿರುತ್ತದೆ. ಎಕ್ಸ್‌ಪ್ರಾದವರದ್ದೇ ರೆಪೊಸಿಟರಿ ಸೇರಿಸಿಕೊಳ್ಳುವುದು ಒಳ್ಳೆಯದು. ಲ್ಯಾಪ್‌ಟಾಪಿನಿಂದ 'ಎಕ್ಸ್‌ಪ್ರಾ ಸ್ಟಾರ್ಟ್' ಬರೆದು, ಸರ್ವರಿನ ಎಸ್‌ಎಸ್‌ಎಚ್ ವಿಳಾಸ ಮತ್ತು ಪ್ರೋಗ್ರಾಮಿನ ಹೆಸರು ಕೊಟ್ಟರೆ ವಿಂಡೋ ಬರುತ್ತದೆ. ಬಿಟ್ಟು ಏಳಲು ಟರ್ಮಿನಲ್ಲಿನಲ್ಲಿ ಕಂಟ್ರೋಲ್ ಸಿ, ಮರಳಿ ಹಿಡಿಯಲು ಅದೇ ವಿಳಾಸ, ಡಿಸ್‌ಪ್ಲೇ ನಂಬರಿನ ಜೊತೆ 'ಅಟ್ಯಾಚ್'. ಡಿಸ್‌ಪ್ಲೇ ನಂಬರ್ ಮರೆತಿದ್ದರೆ ಸರ್ವರಿನಲ್ಲಿ 'ಲಿಸ್ಟ್' ಕೊಟ್ಟು ನೋಡಬಹುದು. 'ಸ್ಟಾಪ್' ಕೊಡುವ ಮುನ್ನ ಎರಡು ಸಲ ಯೋಚಿಸಿ, ಅದು ಸೆಷನ್ನನ್ನೇ ಕೊಂದುಬಿಡುತ್ತದೆ. ಬ್ರೌಸರಿನಲ್ಲಿ ನೋಡುವ ಸೌಲಭ್ಯವೂ ಇದೆ, ಆದರೆ ಪಾಸ್‌ವರ್ಡ್ ಇಲ್ಲದೆ ಪೋರ್ಟ್ ತೆರೆದಿಡಲೇಬೇಡಿ. ಎಸ್‌ಎಸ್‌ಎಚ್ ಮೂಲಕವೇ ಹೋಗಿ.

ಇನ್ನು ಕನ್ನಡ. ಅಕ್ಷರದ ಜಾಗದಲ್ಲಿ ಬರೀ ಚೌಕ ಕಂಡರೆ ಲ್ಯಾಪ್‌ಟಾಪಿನಲ್ಲಿ ಫಾಂಟ್ ಹುಡುಕಿ ಪ್ರಯೋಜನವಿಲ್ಲ. ಅಕ್ಷರ ಬಿಡಿಸುವುದು ಸರ್ವರ್. ಡೆಬಿಯನ್, ಉಬುಂಟುವಿನಲ್ಲಿ ಕನ್ನಡ ಫಾಂಟ್ ಪ್ಯಾಕೇಜನ್ನು ಅಲ್ಲಿ ಹಾಕಿದರೆ ಗುಬ್ಬಿ, ನವಿಲು ಎರಡೂ ಬರುತ್ತವೆ. ಟೈಪಿಂಗಿಗೂ ಹಾಗೇ, ಒತ್ತಿದ ಕೀಲಿಯಷ್ಟೇ ಆಚೆಗೆ ಹೋಗುವುದರಿಂದ ಕನ್ನಡ ಟೈಪಿಂಗಿನ ಐಬಸ್ ಸಾಫ್ಟ್‌ವೇರೂ ಕಗಪ ಕೀಲಿಮಣೆ ಲೇಔಟೂ ಸರ್ವರಿನಲ್ಲಿರಬೇಕು. ನೆಟ್ ನಿಧಾನವಾದಾಗ ಎಕ್ಸ್‌ಪ್ರಾ ಚಿತ್ರದ ಗುಣಮಟ್ಟ ಇಳಿಸುತ್ತದೆ. ಇಂಗ್ಲಿಷಿನಲ್ಲಿ ಇದು ಅಷ್ಟು ಕಾಣುವುದಿಲ್ಲ, 'ರಾಷ್ಟ್ರ'ದ ಒತ್ತುಗಳು ಮಾತ್ರ ಸ್ಕ್ರೋಲ್ ಮಾಡುವಾಗ ಕಲಸಿಹೋಗಿ, ಕೈ ನಿಲ್ಲಿಸಿದ ಮೇಲೆ ತಿಳಿಯಾಗುತ್ತವೆ. ಪ್ರೂಫ್ ನೋಡುವವರು ಮಿನಿಮಮ್ ಕ್ವಾಲಿಟಿಯನ್ನು 80ಕ್ಕೆ ಏರಿಸಿಕೊಳ್ಳಲಿ. ಡೇಟಾ ಹೆಚ್ಚು ತಿಂದರೂ ಕಣ್ಣು ಉಳಿಯುತ್ತದೆ.

ಬ್ಲೆಂಡರ್‌ನಂಥ 3ಡಿ ಪ್ರೋಗ್ರಾಮಿಗೆ ಇದನ್ನು ಹಾಗೇ ನೆಚ್ಚಲಾಗದು. ಕಾಣದ ಡಿಸ್‌ಪ್ಲೇಗೆ ಗ್ರಾಫಿಕ್ಸ್ ಕಾರ್ಡಿನ ನೆರವು ಸಿಗದೆ ಎಲ್ಲ ಭಾರ ಸಿಪಿಯು ಮೇಲೆ ಬೀಳುತ್ತದೆ. ಸರ್ವರಿನ ಗ್ರಾಫಿಕ್ಸ್ ಕಾರ್ಡನ್ನು ಬಳಸಿಕೊಡುವ ವರ್ಚುವಲ್‌ಜಿಎಲ್ ಮೂಲಕ ಓಡಿಸಬೇಕು. ಇಡೀ ಡೆಸ್ಕ್‌ಟಾಪೇ ಬೇಕಿದ್ದವರಿಗೆ ಎಕ್ಸ್‌ಟುಗೋ ಎಂಬ ಇನ್ನೊಂದು ಸಾಫ್ಟ್‌ವೇರ್ ಹೆಚ್ಚು ಒಗ್ಗುತ್ತದೆ. ಒಂದೆರಡು ವಿಂಡೋ ಸಾಕು, ನಡುದಾರಿಯಲ್ಲಿ ಬಿಟ್ಟು ಊರಲ್ಲಿ ಮತ್ತೆ ಹಿಡಿಯಬೇಕು ಅನ್ನುವವರಿಗೆ ನಮ್ಮ ಆಯ್ಕೆ ಎಕ್ಸ್‌ಪ್ರಾ.

ಆಫೀಸಿನಲ್ಲಿ ಕರೆಂಟ್ ಹೋಗಿ ಸರ್ವರೇ ಆರಿದರೆ ಸೆಷನ್ನೂ ಹೋಗುತ್ತದೆ. ಸರ್ವರಿಗೆ ಯುಪಿಎಸ್ ಇರಲಿ, ಲಿಬ್ರೆಆಫೀಸಿನ ಆಟೋ ರಿಕವರಿ 2 ನಿಮಿಷಕ್ಕೆ ಇಟ್ಟಿರಿ.