ಸಾಧಕರ ಕಾರ್ಡ್ ಪ್ಯಾಕ್: ಮೂರು ಸ್ಟಾರ್, ಅದೂ ಚಂದ್ರಶೇಖರ್ ಮುಖ ನೋಡಿ

ಇದನ್ನ ತಗೊಂಡಿದ್ದು ನನಗಲ್ಲ, ತಂಗಿ ಮಗಳಿಗೆ. ಐದನೇ ಕ್ಲಾಸು, ಬೇಸಿಗೆ ರಜಕ್ಕೆ ನಮ್ಮನೆಗೆ ಬಂದಿದ್ಲು, ಬೆಳಿಗ್ಗೆ ಎದ್ರೆ ಮೊಬೈಲು, ಮಲಗೋವಾಗ್ಲೂ ಮೊಬೈಲು, ಅದನ್ನ ಕೈಯಿಂದ ಬಿಡಿಸೋಕೆ ಏನಾದ್ರೂ ಒಂದು ಬೇಕಿತ್ತು. ಆನ್‌ಲೈನಲ್ಲಿ ಹುಡುಕ್ತಾ ಇದ್ದಾಗ ಈ ಪ್ಯಾಕ್ ಸಿಕ್ತು, ಅಂಗವೈಕಲ್ಯ ಇರೋ ಭಾರತೀಯ ಸಾಧಕರ ಬಗ್ಗೆ 40 ಕಾರ್ಡು, ಕನ್ನಡದಲ್ಲೇ, 349 ರೂಪಾಯಿ, ಡೆಲಿವರಿ 40 ಬೇರೆ. ಕಂಪನಿ ಹೆಸರು ಬರೆಯಲ್ಲ, ಇದೇ ತರದ್ದು ಇನ್ನೂ ನಾಲ್ಕೈದು ಇದಾವೆ, ಸ್ಯಾಂಪಲ್ ಫೋಟೋ ನೋಡಿದ್ರೆ ಎಲ್ಲಾ ಒಂದೇ ಬಾಣಲೇಲಿ ಕರಿದ ಬೋಂಡ ತರ ಕಾಣ್ತಾವೆ.

ನನ್ನ ಬಗ್ಗೆ ಎರಡು ವಿಷ್ಯ ಗೊತ್ತಿದ್ರೆ ಈ ರಿವ್ಯೂ ಅರ್ಥ ಆಗುತ್ತೆ. ಒಂದು, ಎಡಗಾಲಿಗೆ ಪೋಲಿಯೋ, ಕ್ಯಾಲಿಪರ್ (ಕಾಲಿಗೆ ಆಧಾರಕ್ಕೆ ಕಟ್ಟೋ ಪಟ್ಟಿ) ಹಾಕ್ಕೊಂಡು ಓಡಾಡ್ತೀನಿ. ಎರಡು, ಅರಸೀಕೆರೇಲಿ ಡಿಟಿಪಿ ಜೆರಾಕ್ಸ್ ಅಂಗಡಿ ಇಟ್ಕೊಂಡಿದೀನಿ. ಹಂಗಾಗಿ ಈ ಕಾರ್ಡಲ್ಲಿ ವಿಷಯ ತಪ್ಪಿದ್ರೂ ನನಗೆ ಉರಿಯುತ್ತೆ, ಮಾರ್ಜಿನ್ ತಪ್ಪಿದ್ರೂ ಉರಿಯುತ್ತೆ.

ಪ್ರಿಂಟಿಂಗಿಂದ ಶುರು ಮಾಡ್ತೀನಿ, ಬೇಗ ಮುಗಿಯುತ್ತೆ. ಪೇಪರ್ ಚೆನ್ನಾಗಿದೆ, ದಪ್ಪ ಇದೆ, ಮ್ಯಾಟ್ ಲ್ಯಾಮಿನೇಷನ್ ಮಾಡಿದಾರೆ, ಹುಡುಗಿ ಮಾವಿನಹಣ್ಣು ತಿಂದ ಕೈಲೇ ಮುಟ್ಟಿದ್ಲು, ಒರೆಸಿದ್ರೆ ಹೋಯ್ತು. ಮೂಲೆ ಮಾತ್ರ ರೌಂಡ್ ಮಾಡಿಲ್ಲ, ಚುಚ್ಚುತ್ತೆ. ಒತ್ತಕ್ಷರ ಎರಡು ಕಡೆ ಒಡೆದು ಬಿದ್ದಿದೆ, ಯಾರೋ ಯೂನಿಕೋಡಿಂದ ಹಳೇ ಫಾಂಟಿಗೆ ಕನ್ವರ್ಟ್ ಮಾಡಿ ಒಂದ್ಸಲ ಓದಿ ನೋಡದೆ ಪ್ಲೇಟಿಗೆ ಕಳಿಸಿದಾರೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತೆ. ಒಂದು ಕಾರ್ಡಲ್ಲಿ ವಿಕಲಚೇತನ, ಇನ್ನೊಂದ್ರಲ್ಲಿ ಅಂಗವಿಕಲ, ಮತ್ತೊಂದ್ರಲ್ಲಿ ದಿವ್ಯಾಂಗ. ನಂಗೆ ಮೂರರಲ್ಲಿ ಯಾವ್ದಾದ್ರೂ ನಡೆಯುತ್ತೆ, ನಮ್ಮಂಥೋರಿಗಿರೋ ಸರ್ಕಾರಿ ಇಲಾಖೆ ಬೋರ್ಡಲ್ಲಿ ವಿಕಲಚೇತನರು ಅಂತಾನೇ ಇದೆ, ಆದ್ರೆ ಒಂದೇ ಡಬ್ಬಿ ಒಳಗೆ ಒಂದನ್ನ ಗಟ್ಟಿ ಮಾಡ್ಕೊಳ್ಳಿ ಮಾರಾಯ್ರೇ. ಡಬ್ಬಿ ಹಿಂಭಾಗದಲ್ಲಿ ಅಂಗವೈಕಲ್ಯದಲ್ಲಿ 7 ವಿಧ ಅಂತ ಹಾಕಿದಾರೆ. ಅದು 1995ರ ಕಾನೂನಿನ ಲೆಕ್ಕ. 2016ರ ಕಾನೂನು ಬಂದ್ಮೇಲೆ 21 ವಿಧ, ಆಸಿಡ್ ದಾಳಿಗೆ ಸಿಕ್ಕೋರು, ತಲಸ್ಸೇಮಿಯಾ, ಪಾರ್ಕಿನ್ಸನ್ ಎಲ್ಲಾ ಸೇರಿದೆ. ಯುಡಿಐಡಿ, ಅಂದ್ರೆ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿಸೋಕೆ ದಿನಾ ನನ್ನ ಅಂಗಡಿಗೆ ಜನ ಬರ್ತಾರೆ, ಅವ್ರಿಗೂ ಗೊತ್ತಿರೋ ವಿಷ್ಯ ಇದು.

ಭಾರತೀಯರು ಅಂತ ಡಬ್ಬಿ ಮೇಲೆ ಬರೆದು ಒಳಗೆ ಹೆಲೆನ್ ಕೆಲರ್ ಕಾರ್ಡ್ ಇಟ್ಟಿದಾರೆ. ದೊಡ್ಡೋರು, ಕೈ ಮುಗಿಯೋಣ, ಆದ್ರೆ ಅವ್ರಿಗೆ ನಮ್ಮ ರೇಷನ್ ಕಾರ್ಡ್ ಯಾವಾಗ ಕೊಟ್ರು ಗೊತ್ತಾಗ್ಲಿಲ್ಲ.

ಈಗ ಫೋಟೋ. ಇದು ನನಗೆ ಸಿಕ್ಕಾಪಟ್ಟೆ ಬೇಜಾರಾಗಿದ್ದು. ಡಿಸೈನರಿಗೆ ಎಲ್ಲಾ ಕಾರ್ಡೂ ಒಂದೇ ತರ ಕಾಣ್ಬೇಕು ಅನ್ನೋ ಚಟ, ಎಲ್ರನ್ನೂ ಒಂದು ರೌಂಡ್ ಒಳಗೆ ಕುತ್ತಿಗೆವರೆಗೆ ಕತ್ತರಿಸಿ ಇಟ್ಟಿದಾರೆ, ಪಾಸ್‌ಪೋರ್ಟ್ ಫೋಟೋ ತರ. ಶೀತಲ್ ದೇವಿ ಕಾರ್ಡ್ ತಗೊಳ್ಳಿ. ಜಮ್ಮು ಕಾಶ್ಮೀರದ ಕಿಶ್ತ್‌ವಾಡ್ ಕಡೆ ಹುಡುಗಿ, ಹುಟ್ಟುತ್ತಾನೇ ಎರಡೂ ಕೈ ಇಲ್ಲ, ಬಿಲ್ಲುಗಾರ್ತಿ, 2023ರ ಏಷ್ಯನ್ ಪ್ಯಾರಾ ಗೇಮ್ಸಲ್ಲಿ ಎರಡು ಚಿನ್ನ, 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು. ಆ ಹುಡುಗಿ ಬಾಣ ಬಿಡೋದನ್ನ ನೋಡಿದೀರಾ? ಚೇರ್ ಮೇಲೆ ಕೂತು ಬಲಗಾಲು ಎತ್ತಿ ಪಾದದಲ್ಲಿ ಬಿಲ್ಲು ಹಿಡೀತಾಳೆ, ದಾರ ಎಳೆಯೋದು ಭುಜದಲ್ಲಿ, ಬಿಡೋದಕ್ಕೆ ದವಡೆ ಸಹಾಯ. ಆ ಫೋಟೋ ಒಂದಿದ್ರೆ ಹಿಂದೆ ಒಂದಕ್ಷರ ಬರೀದಿದ್ರೂ ನಡೀತಿತ್ತು. ಇಲ್ಲಿ ಕಾಲೂ ಇಲ್ಲ ಬಿಲ್ಲೂ ಇಲ್ಲ, ನಗ್ತಾ ಇರೋ ಮುಖ ಒಂದೇ. "ಮಾಮ ಕೈಯಿಲ್ದೆ ಬಾಣ ಹೆಂಗ್ ಬಿಟ್ಲು?" ಅಂತ ಹುಡುಗಿ ಕೇಳಿದ್ಲು, ಕಾರ್ಡ್ ತಿರುಗಿಸಿದ್ರೆ "ಛಲದಿಂದ" ಅಂತ ಇದೆ. ಛಲದಿಂದ ಅಂತೆ. ಕೊನೆಗೆ ಯೂಟ್ಯೂಬ್ ಹಾಕಿ ತೋರಿಸ್ಬೇಕಾಯ್ತು, ಮೊಬೈಲ್ ಬಿಡಿಸೋಕೆ ತಂದ ಕಾರ್ಡು ನೋಡಿ.

ಹೆಂಗೆ ಅನ್ನೋ ಪ್ರಶ್ನೆಗೆ ಈ ಪ್ಯಾಕಲ್ಲಿ ಉತ್ತರಾನೇ ಇಲ್ಲ. ಬದಲಿಗೆ ಒಂದು "ಆದರೂ" ಇದೆ. ಪೋಲಿಯೋ ಆದರೂ, ಕಣ್ಣಿಲ್ಲದಿದ್ದರೂ, ಕಾಲು ಕಳೆದುಕೊಂಡರೂ. ಅಂಗಡೀಲಿ ಮಧ್ಯಾಹ್ನ ಕರೆಂಟ್ ಹೋದಾಗ ಕೂತು ಎಣಿಸ್ದೆ, 40ರಲ್ಲಿ 31 ಕಾರ್ಡಿನ ಮೊದಲ ಸಾಲಲ್ಲೇ ಈ "ಆದರೂ" ಬರುತ್ತೆ. ನಾನೂ ಚಿಕ್ಕಂದಿನಿಂದ ಕೇಳ್ಕೊಂಡು ಬಂದಿದೀನಿ, ಕಾಲು ಹಂಗಿದ್ರೂ ಅಂಗಡಿ ನಡೆಸ್ತಾನೆ ಪಾಪ ಅಂತ. ಸ್ವಾಮಿ, ಡಿಟಿಪಿ ಮಾಡೋದು ಕಾಲಲ್ಲಲ್ಲ.

ಈ "ಆದರೂ" ಎಲ್ಲಕ್ಕಿಂತ ತಪ್ಪಾಗಿ ಕೂತಿರೋದು ಬಿ.ಎಸ್. ಚಂದ್ರಶೇಖರ್ ಕಾರ್ಡಲ್ಲಿ. ನಮ್ಮ ಮೈಸೂರಿನೋರು, ಚಿಕ್ಕ ವಯಸ್ಸಲ್ಲೇ ಪೋಲಿಯೋ ಬಂದು ಬಲಗೈ ಸೊರಗಿ ಹೋಗಿತ್ತು. ಕಾರ್ಡಲ್ಲಿ "ಬಲಗೈಗೆ ಪೋಲಿಯೋ ಆದರೂ 58 ಟೆಸ್ಟುಗಳಲ್ಲಿ 242 ವಿಕೆಟ್" ಅಂತಿದೆ. ಲೆಕ್ಕ ಸರಿ. ಆದ್ರೆ ಅವ್ರು ಬೌಲಿಂಗ್ ಮಾಡಿದ್ದೇ ಆ ಬಲಗೈಯಲ್ಲಿ ಕಣ್ರೀ! ಫೀಲ್ಡಿಂಗ್ ಮಾಡೋವಾಗ ಬಾಲ್ ಎಸೀತಿದ್ದಿದ್ದು ಎಡಗೈಯಲ್ಲಿ, ಬೌಲಿಂಗಿಗೆ ಮಾತ್ರ ಆ ಸಣ್ಣ ಕೈ. ಆ ಕೈ ಚಾಟಿ ತರ ಸುತ್ತಿ ಬರ್ತಿತ್ತು, ಸ್ಪಿನ್ ಬೌಲರ್ ಆಗಿದ್ರೂ ಮೀಡಿಯಂ ಪೇಸ್ ಸ್ಪೀಡು, ಗೂಗ್ಲಿ ಯಾವ್ದು ಟಾಪ್‌ಸ್ಪಿನ್ ಯಾವ್ದು ಅಂತ ಬ್ಯಾಟ್ಸ್‌ಮನ್ ಯೋಚಿಸೋದ್ರೊಳಗೆ ಬೇಲ್ ಹಾರಿರ್ತಿತ್ತು. 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್, ಇಂಗ್ಲೆಂಡ್ 101ಕ್ಕೆ ಆಲೌಟ್, ಇಂಗ್ಲೆಂಡ್ ನೆಲದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. ಅಲ್ಲಿಗೆ "ಆದರೂ" ಅಂತ ಬರೆದ್ರೆ ಆ ಕೈಗೇ ಅವಮಾನ ಮಾಡ್ದಂಗೆ. ಇನ್ನೊಂದು ಮಜಾ ವಿಷ್ಯ, ಅವ್ರು ಟೆಸ್ಟಲ್ಲಿ ಹೊಡೆದ ರನ್ನು ಒಟ್ಟು 167, ತೆಗೆದ ವಿಕೆಟ್ಟಿಗಿಂತ ಕಮ್ಮಿ, ಆಸ್ಟ್ರೇಲಿಯಾದಲ್ಲಿ ತೂತಿರೋ ಬ್ಯಾಟ್ ಒಂದನ್ನ ತಮಾಷೆಗೆ ಗಿಫ್ಟ್ ಕೊಟ್ಟಿದ್ರು. ಇದನ್ನ ಹೇಳಿದಾಗ ಹುಡುಗಿ ನಕ್ಕು ನಕ್ಕು ಸುಸ್ತಾದ್ಲು, ಚಂದ್ರಶೇಖರ್ ಕಾರ್ಡು ಈಗ ಅವಳ ದಿಂಬಿನ ಕೆಳಗಿದೆ. ಕಾರ್ಡಲ್ಲಿ ಇದು ಯಾವ್ದೂ ಇಲ್ಲ, ನಮ್ಮಪ್ಪ ರೇಡಿಯೋ ಕಾಮೆಂಟರಿ ಕೇಳ್ತಿದ್ದ ಕಾಲದಿಂದ ನಮ್ಮನೇಲಿ ಓಡಾಡ್ತಿರೋ ಮಾತು.

ಪಟೌಡಿ ಕಾರ್ಡೂ ಹಿಂಗೇ. 1961ರ ಕಾರ್ ಆಕ್ಸಿಡೆಂಟಲ್ಲಿ ಬಲಗಣ್ಣು ಹೋಯ್ತು, ಅದೇ ವರ್ಷ ಡಿಸೆಂಬರಲ್ಲಿ ಟೆಸ್ಟ್ ಆಡಿದ್ರು, 21ನೇ ವಯಸ್ಸಿಗೆ ಕ್ಯಾಪ್ಟನ್, ಇಷ್ಟೂ ಇದೆ. ಆದ್ರೆ ಬಾಲು ಎರಡೆರಡು ಕಾಣ್ತಿತ್ತು, ಕ್ಯಾಪನ್ನ ಬಲಗಣ್ಣಿನ ಮೇಲೆ ಬರೋ ಹಂಗೆ ಎಳ್ಕೊಂಡು ಆಡ್ತಿದ್ರು ಅನ್ನೋದು ಇಲ್ಲ. ಮಕ್ಕಳಿಗೆ ಬೇಕಾಗಿರೋದು ಅದೇ ಅಲ್ವಾ? ನಮ್ಮ ಹುಡುಗಿ ಒಂದು ಕಣ್ಣಿಗೆ ಕರ್ಚೀಫ್ ಕಟ್ಕೊಂಡು ಗೋಡೆಗೆ ಬಾಲ್ ಎಸೆದು ಹಿಡಿಯೋಕೆ ಒಂದು ಸಂಜೆ ಪೂರ್ತಿ ಪ್ರಯತ್ನ ಮಾಡಿದ್ಲು, ಎರಡು ಹೂಕುಂಡ ಹೋಯ್ತು, ಅದರ ಖರ್ಚಿನ ಲೆಕ್ಕಾನೂ ಕಂಪನಿಗೇ ಕಳಿಸ್ಬೇಕು.

ಸುಧಾ ಚಂದ್ರನ್ ಕಾರ್ಡ್ ನೋಡ್ದಾಗ ನನ್ನ ಕ್ಯಾಲಿಪರ್ ನೆನಪಾಯ್ತು. 1981ರಲ್ಲಿ ಬಸ್ ಅಪಘಾತ, ಆಮೇಲೆ ಬಲಗಾಲು ತೆಗೆದ್ರು, ಜೈಪುರ ಕಾಲು ಅನ್ನೋ ಕೃತಕ ಕಾಲು ಹಾಕ್ಕೊಂಡು ಮತ್ತೆ ಭರತನಾಟ್ಯಕ್ಕೆ ಬಂದ್ರು. ಜೈಪುರ ಕಾಲು ಅಂದ್ರೆ ಏನು ಅಂತ ಒಂದು ಸಾಲೂ ಇಲ್ಲ. ಅದನ್ನ ಮಾಡಿದ್ದು ಡಾಕ್ಟರ್ ಪಿ.ಕೆ. ಸೇಠಿ ಜೊತೆ ರಾಮಚಂದ್ರ ಶರ್ಮಾ ಅನ್ನೋ ಕುಶಲಕರ್ಮಿ, ಮಾಸ್ಟರ್‌ಜೀ ಅಂತಿದ್ರು ಅವ್ರನ್ನ, 1960ರ ದಶಕದ ಕೊನೇಲಿ. ಆಗಿನ ಫಾರಿನ್ ಕೃತಕ ಕಾಲಿಗೆ ಶೂ ಬೇಕೇ ಬೇಕಿತ್ತು, ನೆಲದ ಮೇಲೆ ಕೂರಕ್ಕಾಗ್ತಿರ್ಲಿಲ್ಲ, ನಮ್ಮ ಜನ ಗದ್ದೆಗೆ ಇಳೀಬೇಕು, ದೇವಸ್ಥಾನಕ್ಕೆ ಬರಿಗಾಲಲ್ಲಿ ಹೋಗ್ಬೇಕು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂರ್ಬೇಕು. ಅದಕ್ಕೇ ಟೈರಿನ ಹಂಗೆ ಬೇಯಿಸಿದ ರಬ್ಬರಲ್ಲಿ ಪಾದ ಮಾಡಿದ್ರು, ಬಗ್ಗುತ್ತೆ, ನೀರಿಗೂ ಆಗುತ್ತೆ. ನರ್ತಕಿಗೊಂದು ಕಾರ್ಡು, ಸರಿ, ಆ ಕಾಲು ಮಾಡಿದೋನಿಗೆ ಅರ್ಧ ಸಾಲಾದ್ರೂ ಬೇಡ್ವಾ? ಕ್ಯಾಲಿಪರ್ ಬೆಲ್ಟು ಕಿತ್ತೋದಾಗ ನನ್ನ ಪಾಲಿಗೆ ದೇವರು ಅಂದ್ರೆ ಬಸ್ ಸ್ಟ್ಯಾಂಡ್ ಹತ್ರ ಕೂರೋ ಚಪ್ಪಲಿ ಹೊಲಿಯೋರು, ಅದಕ್ಕೇ ನನಗೆ ಇದು ಜಾಸ್ತಿ ತಟ್ತೋ ಏನೋ.

ತಪ್ಪುಗಳು ಹೇಳ್ಬೇಕಂದ್ರೆ, ನಮ್ಮ ಜಿಲ್ಲೆ ಗಿರೀಶ್ ಗೌಡರಿಗೆ ಚಿನ್ನ ಕೊಟ್ಟಿದಾರೆ. ಸಂತೋಷ, ಆದ್ರೆ 2012 ಲಂಡನ್ ಹೈಜಂಪಲ್ಲಿ ಬಂದಿದ್ದು ಬೆಳ್ಳಿ. ನಿಜವಾದ ಕಥೆ ಇದಕ್ಕಿಂತ ಚೆನ್ನಾಗಿದೆ, ಚಿನ್ನ ಬೆಳ್ಳಿ ಕಂಚು ಮೂರೂ ಜನ ಹಾರಿದ್ದು 1.74 ಮೀಟರೇ, ಯಾರು ಎಷ್ಟು ಸಲ ತಪ್ಪಿದ್ರು ಅನ್ನೋ ಲೆಕ್ಕದಲ್ಲಿ ಇವ್ರು ಎರಡನೇಯವರಾದ್ರು. ಆ ಪ್ಯಾರಾಲಿಂಪಿಕ್ಸಲ್ಲಿ ಇಡೀ ಭಾರತಕ್ಕೆ ಸಿಕ್ಕಿದ್ದು ಅದೊಂದೇ ಮೆಡಲ್ಲು. 2024ರಲ್ಲಿ ಪ್ಯಾರಿಸಲ್ಲಿ 29 ಬಂತು. ಹಾಸನದಲ್ಲೇ ಹುಟ್ಟಿದ ಐಎಎಸ್ ಸುಹಾಸ್ ಯತಿರಾಜ್ ಇದಾರಲ್ಲ, ಸುರತ್ಕಲ್ಲಲ್ಲಿ ಇಂಜಿನಿಯರಿಂಗ್ ಓದಿ ಉತ್ತರ ಪ್ರದೇಶದಲ್ಲಿ ಅಧಿಕಾರಿ ಕೆಲಸ ಮಾಡ್ಕೊಂಡೇ ಬ್ಯಾಡ್ಮಿಂಟನಲ್ಲಿ ಟೋಕಿಯೋ, ಪ್ಯಾರಿಸ್ ಎರಡರಲ್ಲೂ ಬೆಳ್ಳಿ, ಅವ್ರ ಕಾರ್ಡೇ ಇಲ್ಲ. ಹೆಲೆನ್ ಕೆಲರ್ ಜಾಗ ಖಾಲಿ ಮಾಡಿಸಿದ್ರೆ ಆಗ್ತಿತ್ತು.

ಪುಟ್ಟರಾಜ ಗವಾಯಿಗಳಿಗೆ ಪದ್ಮಶ್ರೀ ಅಂತ ಹಾಕಿದಾರೆ, 2010ರಲ್ಲಿ ಬಂದಿದ್ದು ಪದ್ಮಭೂಷಣ. ಗದಗಿನೋರು ನೋಡಿದ್ರೆ ಡಬ್ಬಿ ಸಮೇತ ವಾಪಸ್ ಕಳಿಸ್ತಾರೆ. ಉಳಿದಂತೆ ಆ ಕಾರ್ಡು ಮಾತ್ರ ಪ್ಯಾಕಲ್ಲೇ ಬೆಸ್ಟು, ಯಾರೋ ಗೊತ್ತಿರೋರು ಬರೆದಿದಾರೆ. ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರ್ಲಿಲ್ಲ, ಶಿಷ್ಯ ಪುಟ್ಟರಾಜರಿಗೂ ಇರ್ಲಿಲ್ಲ, ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸಂಗೀತ ಕಲಿಸಿದ್ರು, ಖರ್ಚಿಗೆ ನಾಟಕ ಕಂಪನಿ ಕಟ್ಟಿದ್ರು, ಊರೂರಲ್ಲಿ ತುಲಾಭಾರ ಮಾಡಿಸ್ಕೊಂಡು ಬಂದ ದುಡ್ಡು ಆಶ್ರಮಕ್ಕೆ. ಕಣ್ಣಿರೋರೂ ಅಲ್ಲೇ ಕಲಿತ್ರು, ವೆಂಕಟೇಶ ಕುಮಾರ್ ಅಂಥ ಹಾಡುಗಾರರು ಬಂದಿದ್ದೇ ಅಲ್ಲಿಂದ. ಈ ಒಂದು ಕಾರ್ಡಲ್ಲಿ "ಆದರೂ" ಇಲ್ಲ, ಬೇಕಾದ್ರೆ ಹುಡುಕಿ ನೋಡಿ.

ಶೇಖರ್ ನಾಯ್ಕ್ ಕಾರ್ಡ್ ಪರವಾಗಿಲ್ಲ. ಶಿವಮೊಗ್ಗ ಕಡೆಯೋರು, ಅಂಧರ ಕ್ರಿಕೆಟ್ ಕ್ಯಾಪ್ಟನ್, 2012ರಲ್ಲಿ ಟಿ20 ವಿಶ್ವಕಪ್ ಗೆಲ್ಲಿಸಿದ್ರು, 2017ರಲ್ಲಿ ಪದ್ಮಶ್ರೀ. ಬಾಲ್ ಒಳಗೆ ಗಲಗಲ ಅನ್ನೋ ಗುಂಡು ಇರುತ್ತೆ, ಅಂಡರ್‌ಆರ್ಮ್ ಬೌಲಿಂಗು, ಬೌಲರ್ "ಪ್ಲೇ" ಅಂತ ಕೂಗೇ ಎಸೀಬೇಕು, ಏನೂ ಕಾಣದವರು ಹೊಡೆದ ರನ್ ಡಬಲ್ ಲೆಕ್ಕ. ಕಾರ್ಡಲ್ಲಿ ಗಲಗಲ ತನಕ ಮಾತ್ರ ಬಂದಿದೆ.

ಕೊನೇದಾಗಿ ಕಲರ್ ಕೋಡ್. ಕಣ್ಣಿಂದಾದ್ರೆ ನೀಲಿ ಬಾರ್ಡರ್, ಕೈಕಾಲಿಗೆ ಕೆಂಪು, ಕಿವಿಗೆ ಹಸಿರು. ಆಟದ ರೂಲೂ ಅದೇ, ಒಂದೇ ಬಣ್ಣದ ನಾಲ್ಕು ಕಾರ್ಡ್ ಸೇರಿಸಿದ್ರೆ ಗೆದ್ದಂಗೆ. ಅಂದ್ರೆ ಮಗು "ನಂಗೆ ಇನ್ನೊಂದು ಕಾಲಿಲ್ಲದೋರು ಬೇಕು" ಅಂತ ಕೇಳ್ಕೊಂಡು ಆಡ್ಬೇಕು. ಮೊದಲನೇ ದಿನ ಹುಡುಗಿ ಹಂಗೇ ಜೋರಾಗಿ ಕೇಳಿದ್ಲು, ಒಳಗೆ ಬೀನ್ಸ್ ಸೋಸ್ತಿದ್ದ ನಮ್ಮಮ್ಮ "ಏನೇ ಅದು ಕೆಟ್ಟ ಮಾತು" ಅಂತ ಎದ್ದು ಬಂದ್ರು. ಎರಡನೇ ದಿನ ಅವಳೇ ರೂಲ್ ಬದಲಾಯಿಸಿದ್ಲು, ಹಾಡೋರು ಒಂದು ಕಡೆ, ಆಡೋರು ಒಂದು ಕಡೆ, ಆಫೀಸಿಗೆ ಹೋಗೋರು ಒಂದು ಕಡೆ. ಮಾಲತಿ ಹೊಳ್ಳ ಅವ್ರನ್ನ ಎಲ್ಲಿ ಹಾಕೋದು ಅಂತ ದೊಡ್ಡ ಜಗಳ, ಜಾವೆಲಿನ್, ಶಾಟ್‌ಪುಟ್ ಎಲ್ಲಾ ಆಡಿ ಪದ್ಮಶ್ರೀ ತಗೊಂಡ್ರು, ಬ್ಯಾಂಕಲ್ಲೂ ಕೆಲಸ ಮಾಡಿದ್ರು, ಮಾತೃ ಫೌಂಡೇಷನ್ ಅಂತ ಮಕ್ಕಳನ್ನೂ ಸಾಕ್ತಿದಾರೆ. ಕೊನೆಗೆ ಅವ್ರು ಜೋಕರ್ ಕಾರ್ಡ್ ಆದ್ರು, ಎಲ್ಲಿಗೆ ಬೇಕಾದ್ರೂ ಸೇರ್ತಾರೆ, ಅವ್ರು ಸಿಕ್ಕೋರೇ ಗೆಲ್ತಾರೆ.

ತಗೋಬೇಕಾ ಬೇಡ್ವಾ ಅಂದ್ರೆ, 349 ಜಾಸ್ತಿ, 199ಕ್ಕೆ ಬಂದ್ರೆ ತಗೊಳ್ಳಿ. ಜೊತೆಗೆ ಕೂತು ಕಥೆ ಹೇಳೋರು ಮನೇಲಿ ಇರ್ಬೇಕು, ಮಗು ಕೈಗೆ ಕೊಟ್ಟು ಸುಮ್ನಾದ್ರೆ ದುಡ್ಡು ದಂಡ. ತಪ್ಪೆಲ್ಲಾ ಪಟ್ಟಿ ಮಾಡಿ ಕಂಪನಿಗೆ ಮೇಲ್ ಹಾಕಿದ್ದೆ, "ನಿಮ್ಮ ಅನಿಸಿಕೆ ಅಮೂಲ್ಯ" ಅಂತ ಆಟೋ ರಿಪ್ಲೈ ಬಂತು, ಅಷ್ಟೇ.

ಅದಕ್ಕೇ ನಾನೇ ಅಂಗಡೀಲಿ ಸ್ಟಿಕ್ಕರ್ ಶೀಟಲ್ಲಿ ಹೊಸದಾಗಿ ಟೈಪ್ ಮಾಡಿ 12 ಕಾರ್ಡಿನ ಹಿಂದೆ ಅಂಟಿಸಿದೀನಿ, ಫಾಂಟ್ ಅವ್ರದ್ದಕ್ಕಿಂತ ಚೆನ್ನಾಗೇ ಬಂದಿದೆ. ಮುರಳಿಕಾಂತ್ ಪೇಟ್ಕರ್ ಅವ್ರದ್ದು ಮಾತ್ರ ಹುಡುಗಿ ನಾನೇ ಅಂಟಿಸ್ತೀನಿ ಅಂತ ಕಿತ್ಕೊಂಡು ಉಲ್ಟಾ ಅಂಟಿಸಿಟ್ಟಿದಾಳೆ. 1965ರ ಯುದ್ಧದಲ್ಲಿ ಗುಂಡು ತಿಂದು 1972ರಲ್ಲಿ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸಲ್ಲಿ ಈಜಿ ಚಿನ್ನ ಗೆದ್ದ ಕಥೇನ ಈಗ ನಮ್ಮನೇಲಿ ಕಾರ್ಡ್ ತಲೆಕೆಳಗೆ ಹಿಡ್ಕೊಂಡೇ ಓದ್ಬೇಕು.