ಸಾಫ್ಟ್‌ನರ್‌ಗೆ ಉಪ್ಪು ಯಾವಾಗ ಹಾಕಬೇಕು? ಗಡಸುತನ ನೋಡುವ ಹನಿ ಕಿಟ್, ಎರಡು ವರ್ಷ ಬಳಸಿದ ಮೇಲೆ

ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿರುವ ಒಟ್ಟು ಲವಣದ ಅಂದಾಜು ಹೇಳುವ ಕಡ್ಡಿ) ಅದ್ದಿ ನೋಡಿ, ಸಾಫ್ಟ್‌ನರ್ ಕೆಲಸ ಮಾಡ್ತಿಲ್ಲ ಅಂತ ಜಗಳಕ್ಕೆ ನಿಲ್ಲುವವರು ನಮ್ಮ ಲೇಔಟ್‌ನಲ್ಲಿ ಬೇಕಾದಷ್ಟು ಜನ ಇದ್ದಾರೆ. ಸಾಫ್ಟ್‌ನರ್ ಒಳಗಿನ ರೆಸಿನ್ ಮಣಿಗಳು ನೀರನ್ನು ಗಡಸು ಮಾಡುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದುಕೊಂಡು ಆ ಜಾಗಕ್ಕೆ ಸೋಡಿಯಂ ಬಿಡುತ್ತವೆ. ಮೀಟರ್ ನೋಡೋದು ನೀರಿನಲ್ಲಿ ಕರೆಂಟ್ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಮಾತ್ರ. ಹಾಗಾಗಿ ಒಳಗೆ ಹೋಗುವ ನೀರಿಗೂ ಹೊರಗೆ ಬರುವ ನೀರಿಗೂ ಅಂಕಿ ಹೆಚ್ಚುಕಮ್ಮಿ ಒಂದೇ. ಗಡಸುತನ ಹೇಳೋದಕ್ಕೆ ಈ ಬಣ್ಣದ ಕಿಟ್ಟೇ ಆಗಬೇಕು.

ಬಳಸೋದು ಹೀಗೆ. ಪುಟ್ಟ ಬಾಟಲಿಗೆ ಗೆರೆವರೆಗೆ ನೀರು, ಅದಕ್ಕೆ ನೀರಿನ ಕ್ಷಾರತೆಯನ್ನು ಪರೀಕ್ಷೆಗೆ ಬೇಕಾದ ಮಟ್ಟದಲ್ಲಿ ಇಡುವ ಬಫರ್ (ಅಮೋನಿಯಾ ಮೂಗಿಗೆ ಹೊಡೆಯುತ್ತೆ, ಕಿಟಕಿ ತೆರೆದಿಡಿ), ಆಮೇಲೆ ಎರಿಯೋಕ್ರೋಮ್ ಬ್ಲ್ಯಾಕ್ ಟಿ ಅನ್ನುವ ಇಂಡಿಕೇಟರ್, ಅಂದರೆ ಗಡಸುತನವನ್ನು ಬಣ್ಣದಲ್ಲಿ ತೋರಿಸುವ ದ್ರವ. ನಮ್ಮ ಬೋರ್ ನೀರು ಕೂಡಲೇ ಪುನರ್ಪುಳಿ ಶರಬತ್ತಿನ ಕೆಂಪಿಗೆ ತಿರುಗುತ್ತೆ. ಇನ್ನು ಈ ಲೋಹಗಳನ್ನು ಹಿಡಿದುಕೊಳ್ಳುವ ಇಡಿಟಿಎ ಅನ್ನುವ ರಾಸಾಯನಿಕದ ದ್ರಾವಣ, ಒಂದೊಂದೇ ಹನಿ, ಪ್ರತಿ ಹನಿಗೂ ಬಾಟಲಿ ಅಲ್ಲಾಡಿಸಬೇಕು. ಬಹಳ ಹೊತ್ತು ಏನೂ ಆಗಲ್ಲ. ಇಡಿಟಿಎ ಮೊದಲು ಕ್ಯಾಲ್ಸಿಯಂ ಕಟ್ಟಿಹಾಕಿ, ಕೊನೆಗೆ ಬಣ್ಣಕ್ಕೆ ಅಂಟಿಕೊಂಡಿರುವ ಮೆಗ್ನೀಸಿಯಂ ಅನ್ನೂ ಕಿತ್ತುಕೊಳ್ಳುತ್ತೆ. ಆಗ ಕೆಂಪು ನೇರಳೆಯಾಗಿ, ಮುಂದಿನ ಹನಿಗೆ ಪೂರ್ತಿ ನೀಲಿ! ಇಷ್ಟು ದಿನವಾದರೂ ಆ ಹನಿಗೆ ಕಾಯುವ ಖುಷಿ ಕಮ್ಮಿಯಾಗಿಲ್ಲ. ಹನಿ ಎಣಿಸಿ, ಒಂದು ಹನಿಗೆ ಇಷ್ಟು ಅಂತ ಕಿಟ್‌ನಲ್ಲಿ ಕೊಟ್ಟ ಅಂಕಿಯಿಂದ ಗುಣಿಸಿದರೆ ಗಡಸುತನದ ಲೆಕ್ಕ ಸಿಕ್ತು. ಕುಡಿಯುವ ನೀರಿನ ಗಡಸುತನಕ್ಕೆ ಬಿಐಎಸ್ (ಭಾರತೀಯ ಮಾನಕ ಸಂಸ್ಥೆ) ಹೇಳುವ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರೇ ಇಲ್ಲದಿದ್ದರೆ 600ರವರೆಗೆ.

ದಿನಬಳಕೆಗೆ ಇಷ್ಟೂ ಬೇಡ. ಸಾಫ್ಟ್‌ನರ್‌ನಿಂದ ಬಂದ ನೀರಿಗೆ ಬಫರ್, ಇಂಡಿಕೇಟರ್ ಹಾಕಿದ ತಕ್ಷಣ ನೀಲಿ ಬಂದರೆ ರೆಸಿನ್ ಚೆನ್ನಾಗಿದೆ. ಕೆಂಪು ಛಾಯೆ ಕಂಡರೆ ಅವತ್ತೇ ಉಪ್ಪು ಹಾಕಿ ರೀಜನರೇಟ್ ಮಾಡ್ತೀನಿ, ಅಂದರೆ ಉಪ್ಪುನೀರಿನಿಂದ ರೆಸಿನ್ ತೊಳೆದು ಮತ್ತೆ ಸೋಡಿಯಂ ತುಂಬಿಸ್ತೀನಿ. ಮೊದಲು ವಾರ ಎಣಿಸಿ ಸುಮ್ಮನೆ ಉಪ್ಪು ಸುರಿಯುತ್ತಿದ್ದ ಮನೆಗೆ ಇದರಿಂದ ಉಪ್ಪೂ ಉಳಿಯಿತು, ತೊಳೆದು ಚರಂಡಿಗೆ ಬಿಡುವ ನೀರೂ ಉಳಿಯಿತು. ಗೀಸರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವುದು ನಿಂತಿದೆ.

ಇಷ್ಟು ಒಳ್ಳೆಯ ವಸ್ತುವಿನ ಮೇಲೆ ನನಗೆ ಸಿಟ್ಟು ಬಂದಿದ್ದು ಇಂಡಿಕೇಟರ್ ಬಾಟಲಿಯಿಂದ. ದ್ರವರೂಪದ ಎರಿಯೋಕ್ರೋಮ್ ಇಟ್ಟಲ್ಲೇ ಕೆಡುತ್ತೆ. ಬಫರ್, ಇಡಿಟಿಎ ಇನ್ನೂ ಅರ್ಧ ಬಾಟಲಿ ಇರುವಾಗಲೇ ಬಣ್ಣ ಮಂಕಾಯಿತು. ಕೆಂಪೂ ಅಲ್ಲ, ನೀಲಿಯೂ ಅಲ್ಲ. ಮಾರಿದವರನ್ನು ಕೇಳಿದರೆ ಇಂಡಿಕೇಟರ್ ಒಂದನ್ನೇ ಕೊಡಲ್ಲ, ಪೂರ್ತಿ ಕಿಟ್ ತಗೊಳ್ಳಿ ಅಂದರು. ಚೆನ್ನಾಗಿರುವ ಎರಡು ಬಾಟಲಿ ಎಸೆದು ಹೊಸ ಕಿಟ್ಟಿಗೆ ದುಡ್ಡು ಕೊಡಬೇಕು ಅನ್ನುವುದು ಅನ್ಯಾಯ. ದುಡ್ಡಿಗಿಂತ ದೊಡ್ಡ ತೊಂದರೆ, ಸತ್ತ ಇಂಡಿಕೇಟರ್ ಗಡಸು ನೀರಿನಲ್ಲೂ ಕೆಂಪು ತೋರಿಸದೆ ದಾರಿ ತಪ್ಪಿಸಬಹುದು. ಅದಕ್ಕೇ ಈಗ ಮೊದಲು ಬೋರ್ ನೀರಿಗೆ ಹಾಕಿ, ಸರಿಯಾದ ಕೆಂಪು ಬಂತು ಅಂದಮೇಲೇ ಸಾಫ್ಟ್‌ನರ್ ನೀರು ನೋಡೋದು.

ಕಬ್ಬಿಣ ಜಾಸ್ತಿ ಇರುವ ನೀರಲ್ಲೂ ಇದು ತೊಡಕಾಗುತ್ತೆ. ಕಬ್ಬಿಣ, ತಾಮ್ರ ಇಂಡಿಕೇಟರ್‌ಗೆ ಕಚ್ಚಿಕೊಂಡರೆ ಬಿಡಲ್ಲ, ಎಷ್ಟು ಹನಿ ಬಿಟ್ಟರೂ ನೀಲಿ ಬರಲ್ಲ. ಬೋರ್ ನೀರು ಬಕೆಟ್ಟಿನಲ್ಲಿ ಕೆಂಪು ಗಷ್ಟು ಬಿಡುವ ಮನೆಯವರು ಇದನ್ನು ನೆಚ್ಚಿಕೊಳ್ಳಬೇಡಿ, ಲ್ಯಾಬ್‌ಗೆ ಕೊಡಿ.

ಸಾಫ್ಟ್‌ನರ್ ಇರುವ ಉಳಿದವರು ಕೊಳ್ಳಿ ಅಂತಲೇ ಹೇಳ್ತೀನಿ. ಆದರೆ ಉಪ್ಪಿನೊಂದಿಗೆ ಅರೆದ ಪುಡಿ ಇಂಡಿಕೇಟರ್ ಇರುವ ಕಿಟ್ ಹುಡುಕಿ, ಅದು ಬಹುಕಾಲ ಬಾಳುತ್ತೆ. ದುಡ್ಡು ಕೊಡುವ ಮೊದಲು ರೀಫಿಲ್ ಬಿಡಿಯಾಗಿ ಸಿಗುತ್ತಾ ಅಂತಲೂ ಕೇಳಿ.